ಹರ್ಷಿತಳ ಪಾಲಿನ ನೀರು

ಅನುಗೊಂಡನಹಳ್ಳಿ ಕಡೆಯ ಆ ಊರಿನಲ್ಲಿ ಶುದ್ಧ ನೀರಿನ ಘಟಕಕ್ಕೆ ಐದು ರೂಪಾಯಿ ನಾಣ್ಯ ಹಾಕಿದರೆ ಒಂದು ಕ್ಯಾನು ನೀರು ಬರುತ್ತದೆ. ಎಲ್ಲರ ಮನೆಗೂ ದಿನಕ್ಕೊಂದು ಕ್ಯಾನು ಸಾಕು. ಪಿಳ್ಳಪ್ಪನ ಮನೆಗೆ ಮಾತ್ರ ಎರಡು ಬೇಕಿತ್ತು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಟಿವಿಎಸ್ ಗಾಡಿಯ ಮುಂದೊಂದು ಹಿಂದೊಂದು ಕ್ಯಾನು ಇಟ್ಟುಕೊಂಡು ಅವನು ಬರುವುದನ್ನು ಕಂಡರೆ ಎದುರು ಮನೆಯ ಅಮ್ಮಯಮ್ಮ ದಿನವೂ ಅದೇ ಮಾತು ಅನ್ನುತ್ತಿದ್ದಳು.

"ಏನಣ್ಣೋ, ಮನೇಲಿ ಆನೆ ಗೀನೆ ಸಾಕಿದ್ದೀರಾ?"

ಆನೆಯಲ್ಲ, ಮೊಮ್ಮಗಳು. ಒಂಬತ್ತು ವರ್ಷದ ಹರ್ಷಿತ, ಗಾಳಿ ಬೀಸಿದರೆ ಹಾರಿಹೋಗುವಂಥ ಹುಡುಗಿ. ಶಾಲೆಗೆ ಎರಡು ಲೀಟರಿನ ಬಾಟಲಿ ಒಯ್ಯುತ್ತಿದ್ದಳು. ಹತ್ತೂವರೆಗೆ ಅದು ಖಾಲಿ. ಪಾಠ ಕೇಳಿದ್ದಕ್ಕಿಂತ ಬಚ್ಚಲಿಗೆ ಓಡಿದ್ದೇ ಹೆಚ್ಚು. ರಾತ್ರಿ ಹಾಸಿಗೆಯಲ್ಲೂ ಅದೇ ಕಥೆ. ಹೋದ ವರ್ಷದ ದಸರಾ ಹೊತ್ತಿಗೆ ಶುರುವಾದದ್ದು ದೀಪಾವಳಿ ಕಳೆದರೂ ನಿಲ್ಲಲಿಲ್ಲ. ಬೆಳಿಗ್ಗೆ ಎದ್ದರೆ ಹಾಸಿಗೆ, ಹೊದಿಕೆ, ಲಂಗ ಎಲ್ಲ ಒದ್ದೆ.

ಒದ್ದೆ ಹಾಸಿಗೆ ತೊಳೆಯುವ ಕೆಲಸ ಅವಳ ತಾಯಿ ಭಾನುಪ್ರಿಯಾಳದು. ಹೊಸಕೋಟೆ ಹತ್ತಿರದ ಒಂದು ಗೋಡೌನಿನಲ್ಲಿ ಅವಳು ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಏಳು ಗಂಟೆಗೆ ವ್ಯಾನು ಬಂದು ಹಾರ್ನ್ ಹೊಡೆಯುತ್ತದೆ. ಅಷ್ಟರೊಳಗೆ ಅಡುಗೆ, ಡಬ್ಬಿ, ಮಗಳ ಜಡೆ, ಜೊತೆಗೆ ಈ ಹಾಸಿಗೆ. ಭಾನುಪ್ರಿಯಾ ಕೆಟ್ಟವಳಲ್ಲ. ಆದರೆ ಸುಸ್ತಾದವರಿಗೆ ಕೆಟ್ಟವರಾಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಒಂದು ದಿನ ಸಂಜೆ ಅವಳು ನೀರಿನ ಕ್ಯಾನನ್ನು ತನ್ನ ರೂಮಿಗೆ ತಳ್ಳಿ ಬೀಗ ಹಾಕಿದಳು.

"ಐದ್ ಗಂಟೆ ಮೇಲೆ ನೀರಿಲ್ಲ. ಇವತ್ತಿಂದ ಇದೇ ರೂಲ್ಸು."

ಅತ್ತೆ ಲಕ್ಕಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. "ನೀರಿಗೆ ಬೀಗ ಹಾಕೋರ್ನ ನಾನು ಇವತ್ತೇ ನೋಡಿದ್ದು ಕಣೆ. ಶತ್ರು ಬಾಗ್ಲಿಗೆ ಬಂದ್ರೂ ಮೊದ್ಲು ಒಂದ್ ಲೋಟ ನೀರು ಕೊಡ್ತಾರೆ."

"ದಿನಾ ಹಾಸ್ಗೆ ಒಗೆಯೋರು ಯಾರು ಅತ್ತೆ, ನೀವಾ?"

"ಒಗೀತೀನಿ ತಗೋ. ನಿನ್ ಗಂಡಂದೂ ಒಗ್ದಿದ್ದೀನಿ, ಇವಳ್ದು ದೊಡ್ಡದಾ?"

"ನಾಳೆ ದೊಡ್ಡೋಳಾಗ್ತಾಳೆ. ಆಗ್ಲೂ ಹಿಂಗೇ ಅಂದ್ರೆ ಯಾರ್ ಮನೆ ಸೇರ್ಸೋದು?"

ಸುನಿಲ್‌ಕುಮಾರ್, ಭಾನುಪ್ರಿಯಾಳ ಗಂಡ, ಊಟದ ತಟ್ಟೆಯ ಮುಂದೆ ಕೂತು ಮೊಬೈಲ್ ನೋಡುತ್ತಿದ್ದ. ಅವನೂ ಗೋಡೌನಿನವನೇ, ಬೇರೊಂದರಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವ ಜಾತಿಯ ಗಂಡಸು. "ಇಬ್ರೂ ಸುಮ್ನಿರಿ. ನೋಡಣ," ಅಂದ. ನೋಡಲಿಲ್ಲ.

ಎರಡು ದಿನ ಬಿಟ್ಟು ಸಂಜೆ ಹಸುವಿಗೆ ಹುಲ್ಲು ಹಾಕಲು ಹೋದ ಲಕ್ಕಮ್ಮ ಕೊಟ್ಟಿಗೆಯಲ್ಲಿ ಕಂಡದ್ದನ್ನು ಸಾಯುವ ತನಕ ಮರೆಯುವ ಹಾಗಿರಲಿಲ್ಲ. ಹರ್ಷಿತ ದನದ ತೊಟ್ಟಿಯ ಮುಂದೆ ಮಂಡಿಯೂರಿ ಕೂತು ಎರಡೂ ಕೈಯಲ್ಲಿ ಮೊಗೆದು ಮೊಗೆದು ಕುಡಿಯುತ್ತಿದ್ದಳು. ಗಲ್ಲಕ್ಕೆ ಬೂಸಾ ಅಂಟಿಕೊಂಡಿತ್ತು.

ಲಕ್ಕಮ್ಮನಿಗೆ ತನ್ನ ಬಾಣಂತನ ನೆನಪಾಯಿತು. ಸುನಿಲ ಹುಟ್ಟಿದಾಗ ಅವಳ ಅತ್ತೆ ಬಾಣಂತಿಗೆ ನೀರು ಕೊಟ್ಟರೆ ನಂಜಾಗುತ್ತದೆ ಎಂದು ಒಂಬತ್ತು ದಿನ ಗುಟುಕು ಲೆಕ್ಕದಲ್ಲಿ ನೀರು ಕೊಟ್ಟಿದ್ದಳು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಮಾತೇ ಹೊರಡುತ್ತಿರಲಿಲ್ಲ. ಮೊಮ್ಮಗಳ ಮುಖ ಸೆರಗಿನಲ್ಲಿ ಒರೆಸಿ ಅವಳು ಅಂದಳು: "ಇನ್ಮೇಲೆ ಬಾಯಾರಿದ್ರೆ ನನ್ ಹತ್ರ ಬಾ. ಅಕ್ಕಿ ಡ್ರಮ್ಮಿನ ಹಿಂದೆ ಚೆಂಬಿಟ್ಟಿರ್ತೀನಿ. ನಿಮ್ಮಮ್ಮಂಗೆ ಹೇಳ್ಬೇಡ."

"ನೀನೂ ಬೈಯಲ್ವಾ ಅಜ್ಜಿ?"

"ನೀರ್ ಕುಡಿದ್ರೆ ಯಾರಾದ್ರೂ ಬೈತಾರಾ ನನ್ ಕಂದ?"

ಅಂದಿನಿಂದ ಅಜ್ಜಿ ಮೊಮ್ಮಗಳ ನಡುವೆ ಒಂದು ಕಳ್ಳ ವ್ಯಾಪಾರ ಶುರುವಾಯಿತು. ಹುಡುಗಿ ಅಜ್ಜಿಯ ಕಣ್ಣು ನೋಡಿ, ಡ್ರಮ್ಮಿನ ಹಿಂದೆ ಹೋಗಿ, ಬಾಯಿ ಒರೆಸಿಕೊಂಡು ಬರುತ್ತಿದ್ದಳು.

ಜನವರಿಯಲ್ಲಿ ಮಾಲೂರಿನ ಕಡೆ ನೆಂಟರ ಮದುವೆ ಬಂತು. ಪಿಳ್ಳಪ್ಪ ಲಕ್ಕಮ್ಮ ಎರಡು ದಿನಕ್ಕೆ ಹೋದರು. ಸುನಿಲನಿಗೆ ರಾತ್ರಿ ಪಾಳಿ. ಇದೇ ಸಮಯ, ಒಂದು ಸಲ ಗಟ್ಟಿ ಮನಸ್ಸು ಮಾಡಿದರೆ ಚಟ ಬಿಟ್ಟುಹೋಗುತ್ತದೆ ಎಂದು ಭಾನುಪ್ರಿಯಾ ಶನಿವಾರ ಮಧ್ಯಾಹ್ನದಿಂದಲೇ ಬೀಗ ಹಾಕಿದಳು. ಅಜ್ಜಿಯ ಚೆಂಬು ಖಾಲಿಯಾಗಿತ್ತು. ಹುಡುಗಿ ಅತ್ತಳು, ಬಾಗಿಲು ಬಡಿದಳು, ಕೊಟ್ಟಿಗೆ ಕಡೆ ಓಡಿದಾಗ ಎರಡು ಏಟು ತಿಂದಳು. ರಾತ್ರಿ ಹಾಸಿಗೆ ಮತ್ತೆ ಒದ್ದೆ. ಭಾನುವಾರ ಹನ್ನೊಂದು ಗಂಟೆಗೆ ಭಾನುಪ್ರಿಯಾ ತಿಂಡಿಗೆ ಎಬ್ಬಿಸಲು ಹೋದಾಗ ಮೈ ಕೆಂಡ. ಕಣ್ಣು ಗುಳಿ ಬಿದ್ದಿತ್ತು. ನಾಲಿಗೆ ಒಣಗಿ ಬಿರಿದಿತ್ತು. "ಅಮ್ಮ" ಅನ್ನಲೂ ಆಗುತ್ತಿರಲಿಲ್ಲ.

ಬೆಂಗಳೂರಿನ ಮಕ್ಕಳ ಆಸ್ಪತ್ರೆಯಲ್ಲಿ ಐದು ದಿನ ಇಟ್ಟುಕೊಂಡರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಮಾತು ಮಾತ್ರ ಕಡ್ಡಿ ಮುರಿದ ಹಾಗೆ.

"ಮಗುಗೆ ನೀರು ಕೊಡದೆ ಇಟ್ಟಿದ್ರಾ? ಇನ್ನರ್ಧ ದಿನ ಬಿಟ್ಟಿದ್ರೆ ಕಳ್ಕೊಳ್ತಿದ್ರಿ. ಇದು ಚಟ ಅಲ್ಲಮ್ಮ, ಕಾಯಿಲೆ. ಇವಳಿಗೆ ನೀರು ಇಲ್ಲ ಅಂತ ಯಾವತ್ತೂ ಅನ್ಬೇಡಿ."

ಮದುವೆಯಿಂದ ಅರ್ಧಕ್ಕೇ ಓಡಿಬಂದ ಲಕ್ಕಮ್ಮ ಮಂಚದ ಆ ಕಡೆ ನಿಂತಿದ್ದಳು. ಅವಳು ಅನ್ನಬೇಕಾದ್ದನ್ನೆಲ್ಲ ಡಾಕ್ಟರೇ ಅಂದಾಗಿತ್ತು. ಭಾನುಪ್ರಿಯಾ ವಾರ್ಡಿನ ಹೊರಗೆ ಅತ್ತೆಯ ಕಾಲಿಗೆ ಬಿದ್ದು, "ನಾನು ತಾಯಿ ಅಲ್ಲ ಅತ್ತೆ, ರಾಕ್ಷಸಿ," ಎಂದು ಅತ್ತಳು. ಲಕ್ಕಮ್ಮ ಅವಳನ್ನು ಎತ್ತಿ ನಿಲ್ಲಿಸಿದಳು. "ಬಿಡು. ಇನ್ಮೇಲೆ ಮಗೀನ ವಿಷ್ಯದಲ್ಲಿ ನನ್ ಮಾತು ಕೇಳು," ಅಂದಳು. ಭಾನುಪ್ರಿಯಾ ತಲೆಯಾಡಿಸಿದಳು. ಹಾಗೆ ತಲೆಯಾಡಿಸಿದ್ದೇ ಮುಂದೆ ಎಲ್ಲರನ್ನೂ ಮುಳುಗಿಸಿತು.

ಕಾಯಿಲೆ ಏನೆಂದು ಗೊತ್ತಾಗಲು ಇನ್ನೂ ಎರಡು ವಾರ ಬೇಕಾಯಿತು. ರಕ್ತ ಪರೀಕ್ಷೆ, ತಲೆಯ ಸ್ಕ್ಯಾನು. ಗಡ್ಡೆ ಗಿಡ್ಡೆ ಏನೂ ಇರಲಿಲ್ಲ. ಕುಡಿದ ನೀರನ್ನು ಮೈಯಲ್ಲಿ ಹಿಡಿದಿಡಲು ತಲೆಯೊಳಗಿನ ಗ್ರಂಥಿ ಒಂದು ಹಾರ್ಮೋನು ಕೊಡಬೇಕು, ಇವಳಿಗೆ ಅದು ಬರುತ್ತಿಲ್ಲ, ಕುಡಿದದ್ದೆಲ್ಲ ತೂತು ಬಿದ್ದ ಕೊಡದ ನೀರಿನಂತೆ ಹೋಗಿಬಿಡುತ್ತದೆ ಅಂದಳು ಡಾಕ್ಟರಮ್ಮ. ಅದೇ ಹಾರ್ಮೋನಿನಂಥದ್ದನ್ನು ಫ್ಯಾಕ್ಟರಿಯಲ್ಲಿ ತಯಾರು ಮಾಡುತ್ತಾರೆ. ಡೆಸ್ಮೋಪ್ರೆಸಿನ್ ಅಂತ ಹೆಸರು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಮೂಗಿಗೆ ಸ್ಪ್ರೇ.

"ಈಗ ಸರಿಯಾಗಿ ಕೇಳಿಸ್ಕೊಳ್ಳಿ," ಎಂದು ಅವಳು ಗಂಡ ಹೆಂಡಿರಿಬ್ಬರನ್ನೂ ಎದುರಿಗೆ ಕೂರಿಸಿಕೊಂಡಳು. "ಇಷ್ಟು ದಿನ ನೀರು ನಿಲ್ತಿರಲಿಲ್ಲ. ಈ ಔಷಧಿ ಹಾಕಿದ್ರೆ ನಿಲ್ಲುತ್ತೆ. ಆದ್ರಿಂದ ಮೊದಲಿನ ಹಾಗೆ ಕುಡಿಯೋ ಹಾಗಿಲ್ಲ. ಬಾಯಾರಿದ್ರೆ ಮಾತ್ರ ಕುಡೀಲಿ. ದಿನಕ್ಕೆ ಒಂದೂವರೆ ಲೀಟರ್ ದಾಟಬಾರದು. ಎಳನೀರು, ಜ್ಯೂಸು, ಮಜ್ಜಿಗೆ ಎಲ್ಲಾ ಸೇರಿ. ಜಾಸ್ತಿಯಾದ್ರೆ ರಕ್ತದ ಉಪ್ಪು ಇಳಿದು ಮೆದುಳು ಊದಿಕೊಳ್ಳುತ್ತೆ. ತಲೆನೋವು, ವಾಂತಿ ಕಂಡ್ರೆ ಸ್ಪ್ರೇ ನಿಲ್ಲಿಸಿ, ನೀರು ನಿಲ್ಲಿಸಿ, ಸೀದಾ ಇಲ್ಲಿಗೆ ಬನ್ನಿ."

ಭಾನುಪ್ರಿಯಾ ಒಂದೊಂದು ಮಾತನ್ನೂ ಮನಸ್ಸಿನಲ್ಲಿ ಬರೆದುಕೊಂಡಳು. ಊರಿಗೆ ಬಂದು ಒಂದೂವರೆ ಲೀಟರಿನ ಬಾಟಲಿಗೆ ಕತ್ತಿನ ಹತ್ತಿರ ಕೆಂಪು ನೈಲ್ ಪಾಲಿಷ್‌ನಿಂದ ಗೆರೆ ಎಳೆದಳು. ಊಟಕ್ಕೆ ಕೂತಾಗ ಎಲ್ಲರಿಗೂ ಹೇಳಿದಳು.

"ದಿನಕ್ಕೆ ಈ ಗೆರೆವರ್ಗೂ ಅಷ್ಟೇ ಅಂತೆ ಅತ್ತೆ."

ಲಕ್ಕಮ್ಮ ಮುದ್ದೆ ಮುರಿಯುವುದನ್ನು ನಿಲ್ಲಿಸಿ ಸೊಸೆಯ ಮುಖ ನೋಡಿದಳು. "ಮೊನ್ನೆ ನೀರು ಇಲ್ಲ ಅನ್ಬೇಡಿ ಅಂದೋಳೂ ಅವಳೇ ತಾನೆ?"

"ಹೌದು. ಆಗ ಔಷ್ದಿ ಇರಲಿಲ್ಲ. ಈಗ ಔಷ್ದಿ..."

"ಗೆರೆ ಎಳೆಯೋದ್ರಲ್ಲಿ ನಿನ್ನ ಬಿಟ್ರಿಲ್ಲ ಬಿಡು."

ಭಾನುಪ್ರಿಯಾ ಬಾಟಲಿಯನ್ನು ಗೋಡೆ ಬದಿಗೆ ಸರಿಸಿದಳು. ಮಾತು ಅಲ್ಲಿಗೇ ನಿಂತಿತು. ಸುನಿಲ ಅಮ್ಮನಿಗೆ ಇನ್ನೊಂದು ಸಲ ಬಿಡಿಸಿ ಹೇಳಬೇಕಿತ್ತು. "ಅಮ್ಮ, ಭಾನು ಹೇಳಿದಂಗೆ ಮಾಡು," ಎಂದಷ್ಟೇ ಅಂದು ಕೈ ತೊಳೆಯಲು ಎದ್ದ.

ಫೆಬ್ರುವರಿ, ಮಾರ್ಚ್ ಚೆನ್ನಾಗಿ ಕಳೆದವು. ಹಾಸಿಗೆ ಒಣಗಿರುತ್ತಿತ್ತು. ಹುಡುಗಿ ರಾತ್ರಿಯೆಲ್ಲ ನಿದ್ದೆ ಮಾಡಿ ಕೆನ್ನೆ ತುಂಬಿಕೊಂಡಳು. ಶಾಲೆಯಲ್ಲಿ ಖೊಖೊಗೆ ಸೇರಿದಳು. ಫ್ರಿಜ್ಜಿನ ಬಾಗಿಲಲ್ಲಿ, ಮೊಟ್ಟೆಗಳ ಪಕ್ಕದಲ್ಲಿ ಸ್ಪ್ರೇ ಬಾಟಲಿ ಕೂತಿರುತ್ತಿತ್ತು. ಬೆಳಿಗ್ಗೆ ವ್ಯಾನು ಬರುವ ಮುಂಚೆ ಭಾನುಪ್ರಿಯಾ ಮಗಳ ಮೂಗಿಗೆ ಹೊಡೆದು, ಮೂಗು ಹಿಂಡಿ ನಗಿಸಿ ಹೋಗುತ್ತಿದ್ದಳು. ಶಾಲೆಯಲ್ಲಿದ್ದಾಗ ಗೆರೆಯ ಬಾಟಲಿ ಜೊತೆಗಿರುತ್ತಿತ್ತು, ಅಜ್ಜಿಯ ಚೆಂಬು ಸಿಗುತ್ತಿರಲಿಲ್ಲ. ಪಿಳ್ಳಪ್ಪ ಒಂದೇ ಕ್ಯಾನು ತರುವುದನ್ನು ಕಂಡು ಅಮ್ಮಯಮ್ಮನೂ ಕೇಳಿದಳು.

"ಆನೆ ಎಲ್ಲೋಯ್ತಣ್ಣ?"

"ಆನೆ ಸ್ಕೂಲಲ್ಲಿ ಖೊಖೊ ಆಡ್ತೈತೆ ಕಣಮ್ಮ," ಅಂದ ಪಿಳ್ಳಪ್ಪ. ಅವನ ಖುಷಿ ಅಷ್ಟಿಷ್ಟಲ್ಲ.

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಂತು. ಹರ್ಷಿತ ದಿನವಿಡೀ ಅಜ್ಜಿಯ ಜೊತೆಗೆ ಉಳಿದಳು. ಬಿಸಿಲು ನೆತ್ತಿ ಸುಡುತ್ತಿತ್ತು. ಒಂದು ದಿನ ಬಚ್ಚಲು ತೊಳೆಯುತ್ತಿದ್ದ ಲಕ್ಕಮ್ಮನಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಮೊದಲು ದಿನಕ್ಕೆ ಇಪ್ಪತ್ತು ಸಲ ಓಡುತ್ತಿದ್ದ ಹುಡುಗಿ ಈಗ ಬೆಳಿಗ್ಗೆಯಿಂದ ಎರಡೇ ಸಲ ಹೋಗಿದ್ದಳು. ಮೊದಲು ನೀರಿನ ಹಾಗೆ ತಿಳಿಯಾಗಿ ಹೋಗುತ್ತಿದ್ದದ್ದು ಈಗ ಹಳದಿಗೆ ತಿರುಗಿತ್ತು. ಔಷಧಿ ಸರಿಯಾಗಿ ಕೆಲಸ ಮಾಡಿದರೆ ಹಾಗೇ ಆಗಬೇಕು, ಎಲ್ಲರಿಗೂ ಹಾಗೇ ಆಗುವುದು. ಆದರೆ ಉಚ್ಚೆ ಕಮ್ಮಿಯಾಗಿ ಹಳದಿಯಾದರೆ ಅದಕ್ಕೆ ಆ ಊರಿನಲ್ಲಿ ಒಂದೇ ಹೆಸರು. ಉಷ್ಣ.

"ಮಗೀಗೆ ಉಷ್ಣ ಆಗೈತೆ," ಎಂದು ಅವಳು ಗಂಡನಿಗೆ ಹೇಳಿದಳು. "ಆ ಮೂಗಿನ ಔಷ್ದಿ ಎಷ್ಟು ಉಷ್ಣವೋ ಏನೋ. ತೋಟದಿಂದ ನಾಕು ಎಳ್ನೀರು ಕೆಡವ್ಕೊಂಡು ಬನ್ನಿ."

ಉಷ್ಣಕ್ಕೆ ಲಕ್ಕಮ್ಮನ ಹತ್ತಿರ ಮದ್ದಿಗೆ ಬರವಿರಲಿಲ್ಲ. ಹೊಕ್ಕಳಿಗೂ ಅಂಗಾಲಿಗೂ ಹರಳೆಣ್ಣೆ ಹಚ್ಚಿದಳು. ಕಾಲಿನ ಹೆಬ್ಬೆರಳಿಗೆ ಸುಣ್ಣ ಬಳಿದಳು. ಅವುಗಳಿಂದ ಯಾರಿಗೂ ಏನೂ ಆಗುವುದಿಲ್ಲ. ಬಾರ್ಲಿ ಬೇಯಿಸಿ ದೊಡ್ಡ ಪಾತ್ರೆ ತುಂಬ ನೀರು ಬಸಿದಳು. ಕಾಮಕಸ್ತೂರಿ ಬೀಜ ನೆನೆಹಾಕಿ ಪಾನಕ ಮಾಡಿದಳು. ಗಂಟೆಗೊಂದು ಲೋಟ.

"ಸಾಕಜ್ಜಿ. ಹೊಟ್ಟೆ ತುಂಬೈತೆ."

"ಇದೊಂದು ಕುಡ್ದುಬಿಡು."

"ಬಾಯಾರ್ಕೆನೇ ಆಗ್ತಿಲ್ಲ ನಂಗೆ."

"ಅದೇ ಕಣವ್ವ ರೋಗ. ಬಿಂದಿಗೆ ಬಿಂದಿಗೆ ಕುಡೀತಿದ್ದೋಳು ನೀನು. ಕುಡಿ, ನಮ್ಮಪ್ಪ ಅಲ್ವಾ."

ಹರ್ಷಿತ ಕುಡಿದಳು. ನೀರಿಗೆ ಬೀಗ ಬಿದ್ದಾಗ ಕೊಟ್ಟವಳು ಅಜ್ಜಿ ಒಬ್ಬಳೇ. ಆ ಕೈಯಿಂದ ಬಂದ ಲೋಟಕ್ಕೆ ಒಲ್ಲೆ ಅನ್ನುವುದು ಆ ಹುಡುಗಿಗೆ ಗೊತ್ತಿರಲಿಲ್ಲ.

ಸಂಜೆ ಕೆಲಸದಿಂದ ಬಂದ ಭಾನುಪ್ರಿಯಾ ಬಾರ್ಲಿ ಪಾತ್ರೆ ನೋಡಿದಳು.

"ಅತ್ತೆ, ಇದು ಯಾರಿಗೆ?"

"ಮಗೀಗೆ. ಉಷ್ಣ ಆಗೈತೆ."

"ಡಾಕ್ಟ್ರು ಅಳತೆ ಹೇಳವ್ರೆ ಅತ್ತೆ. ಎಲ್ಲಾ ಸೇರಿ ಒಂದೂವರೆ ಲೀಟ್ರು..."

ಲಕ್ಕಮ್ಮ ಸೌಟು ಕೆಳಗಿಟ್ಟಳು. "ಅಳ್ತೆ ಹಾಕಿ ಹಾಕಿ ಸಂಕ್ರಾಂತಿ ಕಳೀತಿದ್ದಂಗೆ ಮಗೀನ ಎಲ್ಲಿಗೆ ಕಳಿಸ್ತಿದ್ದೆ, ಮರೆತ್ಬಿಟ್ಟಾ? ಆಸ್ಪತ್ರೇಲಿ ನನ್ ಕಾಲ್ ಹಿಡ್ಕೊಂಡು ಏನಂದೆ? ಇನ್ನೂ ಬುದ್ಧಿ ಬಂದಿಲ್ವಾ ನಿಂಗೆ?"

ದನದ ತೊಟ್ಟಿ, ಬೀಗ, ಬಿರಿದ ನಾಲಿಗೆ, ತಾನು ಹಾಕಿದ ಎರಡು ಏಟು ಎಲ್ಲ ಭಾನುಪ್ರಿಯಾಳ ಕಣ್ಣ ಮುಂದೆ ಬಂದವು. ಅವಳು ರೂಮಿಗೆ ಹೋಗಿ ಗಂಡನಿಗೆ ಹೇಳಿದಳು.

"ನೀವಾದ್ರೂ ಅತ್ತೆಗೆ ಹೇಳ್ರೀ. ನನ್ ಮಾತಿಗೆ ಬೆಲೆ ಇಲ್ಲ."

"ಹೇಳ್ತೀನಿ. ಭಾನ್ವಾರ ಕೂತ್ಕೊಂಡು ನಿಧಾನಕ್ಕೆ ಹೇಳ್ತೀನಿ."

ಅದು ಬುಧವಾರ.

ಶುಕ್ರವಾರ ಬೆಳಿಗ್ಗೆ ಭಾನುಪ್ರಿಯಾ ಸ್ಪ್ರೇ ಹೊಡೆದು ಬಾಟಲಿ ಫ್ರಿಜ್ಜಿಗೆ ಇಡುತ್ತಿದ್ದಳು. ಹಿಂದಿನಿಂದ ಹರ್ಷಿತ, "ಅಮ್ಮ, ತಲೆ ನೋಯ್ತೈತೆ," ಅಂದಳು. ಮುಖ ಸ್ವಲ್ಪ ಊದಿದ ಹಾಗಿತ್ತು. ಆಚೆ ವ್ಯಾನು ಹಾರ್ನ್ ಹೊಡೆಯಿತು. ಭಾನುಪ್ರಿಯಾ ಮಗಳ ಹಣೆ ಮುಟ್ಟಿದಳು. ಡಾಕ್ಟರಮ್ಮನ ಮಾತು ನೆನಪಾಯಿತು. ನೆನಪಾಗಲಿಲ್ಲ ಎಂದು ಅವಳು ಯಾವತ್ತೂ ಸುಳ್ಳು ಹೇಳಲಿಲ್ಲ.

"ಅತ್ತೆ, ತಲೆನೋವಂತೆ. ಡಾಕ್ಟ್ರಿಗೆ ಫೋನ್ ಮಾಡ್ಲಾ?"

ಲಕ್ಕಮ್ಮ ಜಗಲಿಯಲ್ಲಿ ಪಿಳ್ಳಪ್ಪ ಕೆತ್ತಿಕೊಟ್ಟ ಎಳನೀರು ಹಿಡಿದು ನಿಂತಿದ್ದಳು. "ನಿನ್ನೆ ಬಿಸ್ಲಲ್ಲಿ ಆಡೈತೆ ಮಗ. ಎಳ್ನೀರು ಹೋದ್ರೆ ತಣ್ಣಗಾಗ್ತೈತೆ. ನಾನಿಲ್ವಾ, ನೀನು ಹೋಗು."

ವ್ಯಾನು ಇನ್ನೊಂದು ಸಲ ಹಾರ್ನ್ ಹೊಡೆಯಿತು. ಭಾನುಪ್ರಿಯಾ ಅತ್ತೆಯ ಕೈಯಲ್ಲಿದ್ದ ಎಳನೀರನ್ನು ನೋಡಿದಳು. ಮಗಳನ್ನು ನೋಡಿದಳು. ಡಬ್ಬಿ ಎತ್ತಿಕೊಂಡು ಹೋದಳು.

ಗೋಡೌನಿನಲ್ಲಿ ಮೊಬೈಲನ್ನು ಬಾಗಿಲಲ್ಲೇ ಲಾಕರಿಗೆ ಹಾಕಬೇಕು. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ತೆಗೆದು ನೋಡಿದರೆ ಮಾವನ ಹದಿನಾಲ್ಕು ಮಿಸ್ಡ್ ಕಾಲ್. ಹತ್ತು ಗಂಟೆಗೆ ಹುಡುಗಿ ವಾಂತಿ ಮಾಡಿದಳಂತೆ. ಪಿತ್ತ ಕೆದರಿದೆ ಎಂದು ಲಕ್ಕಮ್ಮ ನಿಂಬೆಹಣ್ಣಿನ ಪಾನಕ ಕುಡಿಸಿದಳಂತೆ. ಹನ್ನೊಂದಕ್ಕೆ "ಅಜ್ಜಿ ಎಲ್ಲಿ, ಅಜ್ಜಿ ಎಲ್ಲಿ" ಎಂದು ಅಜ್ಜಿಯ ತೊಡೆಯ ಮೇಲೆ ಮಲಗಿಕೊಂಡೇ ಕೇಳಿದಳಂತೆ. ಹನ್ನೆರಡಕ್ಕೆ ಫಿಟ್ಸ್ ಬಂತು. ಪಿಳ್ಳಪ್ಪ ಅಮ್ಮಯಮ್ಮನ ಮಗನ ಕಾರಿನಲ್ಲಿ ಹೊಸಕೋಟೆಗೆ ಒಯ್ದ. ಅಲ್ಲಿಂದ ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ.

ಮೂರು ದಿನ ಮಿಷಿನ್ನಿನಲ್ಲಿ ಉಸಿರಾಡಿಸಿದರು. ಅದೇ ಡಾಕ್ಟರಮ್ಮ ಗಂಡ ಹೆಂಡತಿ, ಪಿಳ್ಳಪ್ಪ ಮೂವರನ್ನೂ ಒಳಗೆ ಕರೆದಳು. ಈ ಸಲ ಅವಳ ಮಾತಿನಲ್ಲಿ ಕಡ್ಡಿ ಮುರಿಯುವ ಗತ್ತು ಇರಲಿಲ್ಲ.

"ಉಪ್ಪು ತುಂಬಾ ಇಳಿದುಹೋಗಿದೆ. ಮೆದುಳು ಊದಿಬಿಟ್ಟಿದೆ. ಎಷ್ಟು ನೀರು ಕೊಟ್ರಿ?"

ಪಿಳ್ಳಪ್ಪ ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡ.

ಸೋಮವಾರ ಬೆಳಿಗ್ಗೆ ಹರ್ಷಿತ ತೀರಿಕೊಂಡಳು. ಆಸ್ಪತ್ರೆಯ ಮೆಟ್ಟಿಲ ಮೇಲೆ ಸುನಿಲ ಹೆಂಡತಿಯ ಕೈ ಹಿಡಿದು ಒಂದೇ ಮಾತು ಹೇಳಿದ. "ಅಮ್ಮಂಗೆ ನೀರಿನ ವಿಷ್ಯ ಹೇಳ್ಬೇಡ ಭಾನು. ಕೈ ಮುಗೀತೀನಿ. ತಡ್ಕೊಳ್ಳಲ್ಲ, ಸತ್ತೋಗ್ತಾಳೆ." ಆ ಹೊತ್ತಿನಲ್ಲಿ ಬೇರೆಯವರ ಸಾವಿನ ಚಿಂತೆ ಭಾನುಪ್ರಿಯಾಳಿಗೆ ಇರಲಿಲ್ಲ. ಆದರೂ ಆಗಲಿ ಅಂದಳು.

ಹುಡುಗಿಯನ್ನು ತೋಟದ ಬದಿಯಲ್ಲಿ ಮಣ್ಣು ಮಾಡಿ, ಮೂರನೇ ದಿನ ಹಾಲು ತುಪ್ಪ ಬಿಟ್ಟರು. ಬಂದವರಿಗೆಲ್ಲ ಲಕ್ಕಮ್ಮ ಎದೆ ಬಡಿದುಕೊಂಡು ಹೇಳುತ್ತಿದ್ದದ್ದು ಒಂದೇ.

"ಮೂಗಿಗೆ ಹೊಡ್ದೂ ಹೊಡ್ದೂ ಕೊಂದ್ರು ನನ್ ಕಂದನ್ನ. ಆ ಔಷ್ದಿ ತಲೆಗೇರ್ತು. ನಾನು ಬಡ್ಕೊಂಡೆ, ಉಷ್ಣ ಉಷ್ಣ ಅಂತ. ಯಾರು ಕೇಳಿದ್ರು? ಬೆಳಿಗ್ಗೆ ಎದ್ದು ಹೆತ್ತೋಳೇ ಹೊಡೆದ್ಳು."

ಬಂದವರು ಭಾನುಪ್ರಿಯಾಳ ಕಡೆ ನೋಡುತ್ತಿದ್ದರು. ಅಮ್ಮಯಮ್ಮ, "ಈ ಇಂಗ್ಲಿಷ್ ಔಷ್ದಿ ನೆಚ್ಕೋಬಾರ್ದು ಕಣಮ್ಮ," ಎಂದು ಬುದ್ಧಿ ಹೇಳಿ ಹೋದಳು. ಭಾನುಪ್ರಿಯಾ ಗೋಡೆಗೆ ಒರಗಿ ಕೂತು ಎಲ್ಲ ಕೇಳಿಸಿಕೊಂಡಳು. ಸುನಿಲ ದೂರದಿಂದಲೇ ಕಣ್ಣಲ್ಲಿ ಬೇಡ ಬೇಡ ಅನ್ನುತ್ತಿದ್ದ.

ಹದಿನೈದು ದಿನ ಕಳೆದು ಅವಳು ಕೆಲಸಕ್ಕೆ ಹೋದಳು. ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಲಕ್ಕಮ್ಮ ಅದನ್ನೂ ಬಿಡಲಿಲ್ಲ. "ಮಗಳ ಮಣ್ಣು ಆರಿಲ್ಲ, ಸಂಬ್ಳಕ್ಕೆ ಹೊಂಟ್ಳು." ಸೊಸೆ ಮಾಡಿದ ಅಡುಗೆ ಮುಟ್ಟುವುದನ್ನೂ ಬಿಟ್ಟಳು. ಹಿತ್ತಿಲ ಒಲೆಯಲ್ಲಿ ತನಗೆ ಬೇರೆ ಮುದ್ದೆ ತಿರುವಿ, ಉಪ್ಪು ಮೆಣಸಿನಕಾಯಿ ನುರಿದು ಉಣ್ಣತೊಡಗಿದಳು. ಒಂದೇ ಮನೆಯಲ್ಲಿ ಎರಡು ಒಲೆ. ನಡುವೆ ಪಿಳ್ಳಪ್ಪ, ಬೆಳಿಗ್ಗೆ ಸೊಸೆಯದು, ಸಂಜೆ ಹೆಂಡತಿಯದು ಉಣ್ಣುತ್ತಿದ್ದ. ಯಾವುದೂ ಅವನ ಮೈಗೆ ಹತ್ತಲಿಲ್ಲ. ಗಂಡಸು ನೋಡ ನೋಡುತ್ತಲೇ ಕಡ್ಡಿಯಾದ.

ಒಂದು ದಿನ ಲಕ್ಕಮ್ಮ ಫ್ರಿಜ್ಜಿನಲ್ಲಿ ಉಳಿದಿದ್ದ ಸ್ಪ್ರೇ ಬಾಟಲಿಯನ್ನು ತೆಗೆದು ತಿಪ್ಪೆಗೆ ಎಸೆದಳು. ಭಾನುಪ್ರಿಯಾ ಹೋಗಿ ಹುಡುಕಿ ತಂದು, ತೊಳೆದು, ಅದೇ ಜಾಗದಲ್ಲಿ ಇಟ್ಟಳು. ಮಗಳ ಮೂಗು ತಾಕಿದ ವಸ್ತು ಅದು. ಅವಳಿಗೆ ಅಷ್ಟೇ.

"ನೋಡೋ ಸುನಿಲ, ಕೊಂದಿದ್ದನ್ನ ತಂದು ಮನೇಲಿಟ್ಟು ಪೂಜೆ ಮಾಡ್ತಾಳೆ ನಿನ್ ಹೆಂಡ್ತಿ!"

"ಅಮ್ಮ, ಸಾಕು ಸುಮ್ನಿರು."

"ನಾನ್ಯಾಕೆ ಸುಮ್ನಿರ್ಲಿ? ತಪ್ಪು ಮಾಡಿದೋರು ಸುಮ್ನಿರ್ಲಿ."

ಮೇ ತಿಂಗಳ ಕೊನೆಯ ಭಾನುವಾರ ಸುನಿಲ ಹಟ ಹಿಡಿದ. ಇವತ್ತು ಎಲ್ಲರೂ ಒಂದೇ ಕಡೆ ಉಣ್ಣಬೇಕು, ಇಲ್ಲದಿದ್ದರೆ ತಾನೂ ಉಣ್ಣುವುದಿಲ್ಲ ಅಂದ. ಭಾನುಪ್ರಿಯಾ ಬೆಳಿಗ್ಗೆಯೇ ಹುರುಳಿಕಾಳು ಬೇಯಿಸಿ ಬಸ್ಸಾರು ಮಾಡಿದಳು. ಮಧ್ಯಾಹ್ನ ನಡುಮನೆಯಲ್ಲಿ ನಾಲ್ಕು ತಟ್ಟೆ ಹಾಕಿದರು. ಪಿಳ್ಳಪ್ಪ ಹೆಂಡತಿಯನ್ನು ತೋಳು ಹಿಡಿದು ಕರೆತಂದು ಕೂರಿಸಿದ. ಭಾನುಪ್ರಿಯಾ ಅತ್ತೆಯ ತಟ್ಟೆಗೆ ಮುದ್ದೆ ಇಟ್ಟು ಸಾರು ಬಿಟ್ಟಳು.

ಲಕ್ಕಮ್ಮ ತಟ್ಟೆಯನ್ನು ಅಂಗೈಯಲ್ಲಿ ಆಚೆ ತಳ್ಳಿದಳು. ಕೂಗಾಡಲಿಲ್ಲ, ಸಣ್ಣ ದನಿಯಲ್ಲಿ ಹೇಳಿದಳು.

"ನಂಗಾಗಲ್ಲ ಕಣೋ ಸುನಿಲ. ಈ ಕೈ ನೋಡಿದ್ರೆ ತುತ್ತು ಇಳಿಯಲ್ಲ. ಮೊದ್ಲನೇ ಸಲ ತಪ್ಪಿಸ್ಕೊಂಡ್ಳು ನನ್ ಕಂದ. ಎರಡನೇ ಸಲ ಇವಳು ಬಿಡಲಿಲ್ಲ."

ಭಾನುಪ್ರಿಯಾ ಸಾರಿನ ಪಾತ್ರೆ ಕೆಳಗಿಟ್ಟಳು.

"ಔಷ್ದಿ ಅಲ್ಲ ಅತ್ತೆ. ನೀರು."

"ಭಾನು, ಬೇಡ," ಅಂದ ಸುನಿಲ.

"ಇನ್ನೆಷ್ಟು ದಿನ ರೀ? ಒಂದೂವರೆ ತಿಂಗ್ಳಾಯ್ತು. ಊರೆಲ್ಲಾ ನನ್ನ ಕೊಲೆಗಾತಿ ಅಂತೈತೆ." ಅವಳು ಅತ್ತೆಯ ಎದುರಿಗೆ ಕೂತಳು. "ಔಷ್ದಿ ಸರಿಯಾಗೇ ಇತ್ತು ಅತ್ತೆ. ಅದು ಹಾಕಿದ್ಮೇಲೆ ಕುಡ್ದಿದ್ದು ಆಚೆಗೆ ಹೋಗಲ್ಲ, ಮೈಯಲ್ಲೇ ನಿಲ್ತದೆ. ಅದಕ್ಕೇ ಉಚ್ಚೆ ಕಮ್ಮಿ, ಅದಕ್ಕೇ ಹಳ್ದಿ. ಅದು ಉಷ್ಣ ಅಲ್ಲ. ಬಾರ್ಲಿ, ಎಳ್ನೀರು, ಪಾನಕ ಎಲ್ಲಾ ಒಳಗೇ ನಿಂತು ತಲೆಗೆ ಏರ್ತು. ನೀರು ಜಾಸ್ತಿಯಾಗಿ ಸತ್ತೋದ್ಲು ನನ್ ಮಗಳು."

ಲಕ್ಕಮ್ಮ ನಂಬಲಿಲ್ಲ. ನಂಬುವ ಮಾತೇ ಅಲ್ಲ ಅದು. ಅರವತ್ತೈದು ವರ್ಷದಲ್ಲಿ ನೀರು ಇಲ್ಲದೆ ಸತ್ತವರನ್ನು ಕೇಳಿದ್ದಳು, ಕೆರೆ ಬಾವಿಗೆ ಬಿದ್ದು ಸತ್ತವರನ್ನು ನೋಡಿದ್ದಳು. ಲೋಟದಲ್ಲಿ ಕುಡಿದ ನೀರಿನಿಂದ ಯಾರು ಸಾಯುತ್ತಾರೆ? ಅವಳು ಮಗನ ಮುಖ ನೋಡಿದಳು. ಮಗ ತಲೆ ತಗ್ಗಿಸಿದ. ಗಂಡ ಪಿಳ್ಳಪ್ಪನ ಮುಖ ನೋಡಿದಳು.

"ನಿಜ ಕಣೆ," ಅಂದ ಪಿಳ್ಳಪ್ಪ. ಅವನ ಕಣ್ಣಿಂದ ನೀರು ತಟ್ಟೆಗೇ ಬೀಳುತ್ತಿತ್ತು. "ಡಾಕ್ಟ್ರು ನನ್ ಮುಂದೆನೇ ಹೇಳಿದ್ರು. ಎಳ್ನೀರು ಕೆತ್ತಿ ಕೊಟ್ಟೋನು ನಾನೇ."

ಮುದ್ದೆ ಆರಿಹೋಯಿತು. ಲಕ್ಕಮ್ಮ ಸತ್ತುಹೋಗುತ್ತಾಳೆ ಎಂದು ಸುನಿಲ ಹೆದರಿದ್ದ. ಅವಳು ಸಾಯಲಿಲ್ಲ. ಸಾವು ಅಷ್ಟು ಕರುಣೆ ತೋರಿಸುವುದಿಲ್ಲ. ಅವಳು ಅಳಲೂ ಇಲ್ಲ. ಸೊಸೆಯ ಕಡೆ ತಿರುಗಿ ಒಂದೊಂದಾಗಿ ಕೇಳತೊಡಗಿದಳು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಅವತ್ತು ಬೆಳಿಗ್ಗೆ ನನ್ ಕೈಲಿ ಎಳ್ನೀರು ನೋಡ್ದೆ ನೀನು."

"ನೋಡ್ದೆ ಅತ್ತೆ."

"ಮತ್ಯಾಕೆ ಕಿತ್ಕೊಳ್ಳಲಿಲ್ಲ?"

ಭಾನುಪ್ರಿಯಾ ಸಾರಿನ ಸೌಟನ್ನು ಪಾತ್ರೆಯ ಅಂಚಿಗೆ ಸರಿಸಿಟ್ಟಳು.

"ತಪ್ಪು ನಿಂದಾಗಿದ್ದಾಗ ನನ್ ಎದ್ರಿಗೇ ಬೀಗ ಹಾಕ್ದೆ. ಮಗೀಗೆ ಹೊಡ್ದೆ. ಎಷ್ಟು ಜೋರಿತ್ತು ನಿನ್ ಬಾಯಿ. ಸರಿ ನಿಂದಾಗಿದ್ದಾಗ ಈ ಮುದ್ಕಿ ಕೈಗೆ ಒಂದೇಟು ಹಾಕಾಕೆ ಆಗ್ಲಿಲ್ವಾ ನಿಂಗೆ?" ಲಕ್ಕಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಗೊತ್ತಿಲ್ಲದ್ದನ್ನು ಕೇಳಿ ತಿಳಿದುಕೊಳ್ಳುವವಳಂತೆ ಕೇಳುತ್ತಿದ್ದಳು.

"ಭಯ ಆಯ್ತು ಅತ್ತೆ."

"ನನ್ ಕಂಡು?"

"ಅಲ್ಲ. ನನ್ನೇ ಕಂಡು. ಮತ್ತೆ ನಾನೇ ತಪ್ಪೇನೋ, ಮತ್ತೆ ನೀರು ಇಲ್ಲ ಅಂದು ಸಾಯಿಸ್ಬಿಡ್ತೀನೇನೋ ಅಂತ." ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಒಳಗಿನಿಂದ ಬಂದ ದನಿ ಅಳುವೋ ಕೂಗೋ ತಿಳಿಯುವಂತಿರಲಿಲ್ಲ.

ಲಕ್ಕಮ್ಮ ಬಲಗೈಯನ್ನು ಮುಂದೆ ಚಾಚಿದಳು. ಹಾಲು ಕರೆದು, ಹುಲ್ಲು ಕೊಯ್ದು ಗಂಟುಗಟ್ಟಿದ ಕೈ. ಸೊಸೆಯ ತಟ್ಟೆಗೂ ತನ್ನ ತಟ್ಟೆಗೂ ನಡುವೆ ಅದನ್ನು ಹಿಡಿದಳು.

"ಹೊಡಿ."

"ಅತ್ತೆ..."

"ಹೊಡಿ ಅಂದೆ."

"ಅಮ್ಮ, ಏನಿದು," ಎಂದು ಸುನಿಲ ಏಳಹೋದ. ಪಿಳ್ಳಪ್ಪ ಅವನ ಮೊಣಕಾಲ ಮೇಲೆ ಕೈಯಿಟ್ಟು ತಡೆದ.

ಭಾನುಪ್ರಿಯಾ ಹೊಡೆದಳು. ಮೆಲ್ಲಗೆ ಹೊಡೆಯಲೆಂದು ಎತ್ತಿದ ಕೈ ಬೀಳುವಾಗ ಎಷ್ಟು ಜೋರಾಗಿ ಬಿತ್ತೆಂದರೆ, ಮುದುಕಿಯ ಕೈ ಸರಕ್ಕನೆ ಕೆಳಗೆ ಹೋಗಿ ತಟ್ಟೆಗೆ ಬಡಿದು ಸಾರು ಚೆಲ್ಲಿತು. ಲಕ್ಕಮ್ಮ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಕೆಂಪಗಾದ ಜಾಗವನ್ನೇ ನೋಡುತ್ತಾ ಕೂತಳು.

"ಹಿಂಗೇ," ಅಂದಳು. "ಹಿಂಗೇ ಹೊಡೀಬೇಕಿತ್ತು ಕಣವ್ವ ಅವತ್ತು."